ಕಿಟಕಿ ಪಕ್ಕದ ಸೀಟು

ಆಫೀಸಿನ ತರಬೇತಿಯಲ್ಲಿ ಕೊಟ್ಟ ಹಾಳೆಯಲ್ಲಿ 'ಎದುರಿನವರ ಮನಸ್ಸು ಅವರು ಹೇಳದೆಯೇ ನನಗೆ ತಿಳಿಯುತ್ತದೆ' ಎಂಬ ಸಾಲಿಗೆ ಐದಕ್ಕೆ ಎಷ್ಟು ಅಂತ ನನಗೆ ನಾನೇ ಅಂಕ ಹಾಕಿಕೊಳ್ಳಬೇಕು. ಬೆವರಿದ ಕೈ ಒರೆಸಲು ತೆಗೆದ ಕರ್ಚೀಫು ಕೈಯಲ್ಲೇ ಉಳಿದಿದೆ.

ಚಿಕ್ಕಂದಿನ ಆ ಮಧ್ಯಾಹ್ನ ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಜೊತೆ ಇದ್ದವಳು ಅಪ್ಪನ ತಂಗಿ, ನನ್ನ ಅತ್ತೆ. ಜಗಳೂರಿನ ಗಂಡನ ಮನೆಯಿಂದ ಬಂದು ತಿಂಗಳಾಗಿತ್ತು. "ಓಣಿಯವರು ಕೇಳಾಕೆ ಶುರು ಮಾಡ್ಯಾರೆ. ಬಸ್ ಹತ್ಸಿನೇ ಬಾ" ಎಂದು ಅಜ್ಜಿ ನನ್ನನ್ನು ಜೊತೆಗೆ ಕಳಿಸಿದ್ದಳು. ನನಗಾಗ ಒಂಬತ್ತು ವರ್ಷ.

ಜಗಳೂರಿಗೆ ಹೋಗಲು ಹತ್ತಬೇಕಾದ ದಾವಣಗೆರೆಯ ಎರಡು ಬಸ್ಸುಗಳನ್ನು ಅತ್ತೆ ಬಿಟ್ಟಳು. "ಭಾಳ ರಶ್ ಐತೆ ಮರಿ, ಕೂರಾಕೆ ಜಾಗ ಇಲ್ಲ" ಎಂದಳು. ನೋಯುವಷ್ಟು ಬಿಗಿಯಾಗಿ ನನ್ನ ಕೈ ಹಿಡಿದಿದ್ದಳು. ಪಾಪ, ನಿಂತು ಹೋಗುವುದು ಕಷ್ಟ ಅಂದುಕೊಂಡೆ.

ಮೂರನೆಯದು ಬಂದಾಗ ಕೈ ಬಿಡಿಸಿಕೊಂಡು ಓಡಿದೆ. ಬಸ್ಸು ನಿಲ್ಲುವ ಮೊದಲೇ ಜಿಗಿದು ಕಿಟಕಿಯೊಳಗೆ ನನ್ನ ಕರ್ಚೀಫು ಎಸೆದೆ.

"ಅತ್ತೆ, ಸೀಟು ಹಿಡಿದೀನಿ. ಕಿಟಕಿ ಪಕ್ಕದ್ದೇ ಐತೆ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ "ಜಾಣಮರಿ" ಎಂದು ನಕ್ಕು ಹತ್ತಿ ಕೂತಳು. ಕರ್ಚೀಫನ್ನು ವಾಪಸು ಕೊಡದೆ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಬಸ್ಸು ಮರೆಯಾಗುವವರೆಗೂ ನಾನು ಕೈ ಬೀಸಿದೆ.

ಮನೆಗೆ ಬಂದು ಸೀಟು ಹಿಡಿದದ್ದನ್ನು ಎಲ್ಲರಿಗೂ ಹೇಳಿದೆ. ಅಜ್ಜಿ ಬೆಲ್ಲದ ಚೂರು ಕೊಟ್ಟಳು.

ಹದಿನೈದು ದಿನದ ಮೇಲೆ, ಜಗಳೂರಿನಲ್ಲಿ ಅತ್ತೆಯನ್ನು ಮಣ್ಣು ಮಾಡಿ ಬಂದ ಅಪ್ಪ ಅವಳ ಟ್ರಂಕನ್ನು ನಡುಮನೆಯಲ್ಲಿ ಇಳಿಸಿದ. ಸೀರೆಗಳ ಮೇಲೆ ನನ್ನ ಕರ್ಚೀಫು ಇತ್ತು, ಒಗೆದು, ನಾಲ್ಕು ಮಡಿಕೆ ಮಾಡಿ ಇಟ್ಟದ್ದು.