ಬಾಯಿಪಾಠದ ಕ್ಷಮೆ

ಹುರಿಯುವ ಕೋಕೋ ಬೀಜದ ವಾಸನೆ ಎಂದರೆ ಏಪೆನೆಸಾ ಟೀಚರಿಗೆ ಬಾಲ್ಯದ ಇಂಗ್ಲಿಷ್ ಪಾಠ. ಅಜ್ಜಿ ಒಲೆಯ ಮುಂದೆ ಬೀಜ ಹುರಿಯುತ್ತಿದ್ದರೆ ಇವರು ಪಕ್ಕದಲ್ಲಿ ಕೂತು ಕಷ್ಟದ ಪದಗಳನ್ನು ಉರುಹೊಡೆಯುತ್ತಿದ್ದರು. ಈಗ ಅದೇ ವಾಸನೆ ಟ್ಯಾಕ್ಸಿ ಓಡಿಸುವ ತಾನಿಯೇಲುವಿನ ಅಂಗಿಯಿಂದ ಬರುತ್ತಿತ್ತು. ಅವನ ಹೆಂಡತಿ ಕೋಕೋ ಹುರಿದು ಆಪಿಯಾ ಪಟ್ಟಣದ ಸಂತೆಯಲ್ಲಿ ಮಾರುವವಳು.

“ಮತ್ತೆ ಮೊದಲಿಂದ ಹೇಳು,” ಎಂದರು.

ನಿವೃತ್ತರಾದ ಮೇಲೆ ಅವರು ಚರ್ಚಿನ ಪಡಸಾಲೆಯಲ್ಲಿ ದೊಡ್ಡವರಿಗೆ ಭಾರಿ ಇಂಗ್ಲಿಷ್ ಪದಗಳನ್ನೂ ಕೇಳುವವರ ಮನಸ್ಸು ಒಲಿಸುವ ಮಾತುಗಾರಿಕೆಯನ್ನೂ ಕಲಿಸುತ್ತಿದ್ದರು.

“ಒಬ್ಬರ ಹತ್ರ ಕ್ಷಮೆ ಕೇಳ್ಬೇಕು ಟೀಚರ್,” ಎಂದು ಹೇಳಿಕೊಂಡೇ ಸೇರಿದ್ದ ತಾನಿಯೇಲು. “ತುಂಬಾ ಓದಿದೋರು. ತಪ್ಪು ಇಂಗ್ಲಿಷ್ ಕಿವಿಗೆ ಬಿದ್ರೆ ಮುಖ ಸಿಂಡರಿಸ್ತಾರೆ. ಅವರು ಕ್ಷಮಿಸ್ದೇ ಇದ್ರೆ ನಾನಿನ್ನು ಸ್ಟೀರಿಂಗ್ ಹಿಡಿಯೋಕಾಗಲ್ಲ.”

ಲೈಸೆನ್ಸ್ ಕಚೇರಿಯ ಸಾಹೇಬನೇ ಇರಬೇಕು ಎಂದುಕೊಂಡರು ಏಪೆನೆಸಾ. ಅವನು ಅವರ ಹಳೆಯ ವಿದ್ಯಾರ್ಥಿ. ಆ ಜಂಬವೂ ಅವರು ಕಲಿಸಿದ್ದೇ.

“ಯಾರು ಅಂತ ಗೊತ್ತಾಯ್ತು ಬಿಡು,” ಎಂದು ನಕ್ಕರು. ತಾನಿಯೇಲು ತಲೆ ತಗ್ಗಿಸಿದ.

ಪಾಠ ಮುಗಿದರೆ ಅವನೇ ಟೀಚರನ್ನು ಮನೆ ಮುಟ್ಟಿಸುತ್ತಿದ್ದ. ಕಳೆದ ಮಳೆಗಾಲದಿಂದ ಅವರು ಹಿಡಿದ ಊರುಗೋಲಿಗೆ ಕಷ್ಟವಾಗದಂತೆ ಕಾರನ್ನು ಮೆಟ್ಟಿಲಿಗೆ ತಾಗಿಸಿ ನಿಲ್ಲಿಸುತ್ತಿದ್ದ. ಬಾಡಿಗೆ ಮುಟ್ಟುತ್ತಿರಲಿಲ್ಲ. ಫೀಸಿನ ಬದಲಿಗೆ ಇರಬೇಕು ಎಂದು ಅವರೂ ಸುಮ್ಮನಿದ್ದರು.

“ಇದೇನಯ್ಯಾ, ಹೆಣದ ಮೆರವಣಿಗೆ ಥರ ಓಡಿಸ್ತೀಯ?”

“ಮೊದಲು ಹೀಗಿರ್ಲಿಲ್ಲ ಟೀಚರ್.”

ಶುಕ್ರವಾರ ಅವನು ಎದ್ದು ನಿಂತು ಪೂರಾ ಭಾಷಣ ಒಪ್ಪಿಸಿದ. ಮೊದಲು ತನ್ನ ಯೋಗ್ಯತೆ, ಆಮೇಲೆ ಕಾರಣ, ಕೊನೆಗೆ ಕಣ್ಣೀರು. ಎಲ್ಲ ಹೇಳಿಕೊಟ್ಟ ಕ್ರಮದಲ್ಲೇ. ‘ಇನಡ್ವರ್ಟೆಂಟ್’ ಎನ್ನುವಾಗಲೂ ನಾಲಿಗೆ ತೊಡರಲಿಲ್ಲ.

“ನೀವಾಗಿದ್ರೆ ಕ್ಷಮಿಸ್ತಿದ್ರಾ?”

“ಇಂಗ್ಲಿಷಿಗೆ ನೂರಕ್ಕೆ ತೊಂಬತ್ತು. ಕ್ಷಮೆಗೆ ಸೊನ್ನೆ. ಬೇಕಂತ ಮಾಡಿಲ್ಲ ಅನ್ನೋಕೆ ಅಷ್ಟುದ್ದದ ಪದ ಯಾಕೋ? ಅದರ ಹಿಂದೆ ನೀನೇ ಅಡಗಿ ಕೂತ ಹಾಗಿದೆ.”

“ಮತ್ತೇನು ಹೇಳ್ಲಿ?”

“ನನ್ನ ಕೇಳಿದ್ರೆ, ಬಾಯಿ ಮುಚ್ಕೊಂಡು ಹೋಗಿ ಕೂತ್ಕೋ,” ಎಂದು ರೇಗಿಸಿದರು.

ಶನಿವಾರ ಬೆಳಿಗ್ಗೆ ಬಾಗಿಲು ತೆರೆದರೆ, ಅಂಗಳದಲ್ಲಿ ಯಾರೋ ನಯವಾದ ಹೆಣಿಗೆಯ ಚಾಪೆಯನ್ನು ತಲೆತುಂಬ ಹೊದ್ದು ಕೂತಿದ್ದರು. ತಪ್ಪು ಮಾಡಿದವರು ಹಾಗೆ ಕೂರುವುದು ಊರ ಪದ್ಧತಿ. ಮಾತಾಡುವಂತಿಲ್ಲ. ನೊಂದವರು ಚಾಪೆ ಎತ್ತಿದರೆ ಕ್ಷಮಿಸಿದಂತೆ; ಎತ್ತದಿದ್ದರೆ ಬಿಸಿಲಲ್ಲಿ ಹಾಗೇ ಕೂತಿರಬೇಕು.

ಏಪೆನೆಸಾ ಅವರ ಕೈ ತಾನಾಗಿ ಕಾಲಿಗೆ ಹೋಯಿತು. ಕಳೆದ ಮಳೆಗಾಲದಲ್ಲಿ ತಮಗೆ ಗುದ್ದಿ, ನಿಲ್ಲಿಸದೆ ಹೋದ ಆ ಗಾಡಿ! ಅದರ ಚಾಲಕನಿಗೆಂದೇ ಆರಿಸಿಟ್ಟಿದ್ದ ಚೂಪಾದ ಇಂಗ್ಲಿಷ್ ಪದಗಳೆಲ್ಲ ನಾಲಿಗೆಯ ತುದಿಗೆ ಬಂದವು. ಕೋಲೂರುತ್ತ ಮೆಟ್ಟಿಲಿಳಿದು ಹತ್ತಿರ ಹೋದರು. ಅಲ್ಲೇ ನಿಂತುಬಿಟ್ಟರು.

ಚಾಪೆಯೊಳಗಿಂದ ಹುರಿದ ಕೋಕೋ ವಾಸನೆ ಬರುತ್ತಿತ್ತು.

ಅವರು ಒಳಗೆ ಹೋಗಿ, ಬೇಯಿಸಿದ ಕೆಸುವಿನ ಗೆಡ್ಡೆ, ತೆಂಗಿನ ಹಾಲಲ್ಲಿ ಬೆಂದ ಅದರ ಎಲೆ ಬಡಿಸಿಕೊಂಡು ಬಂದರು. ಚಾಪೆ ಎತ್ತಿ, ಬಾಯಿ ಮುಚ್ಚಿಕೊಂಡೇ, ತಟ್ಟೆಯನ್ನು ತಾನಿಯೇಲುವಿನ ಕೈಗಿಟ್ಟರು.