ಅರ್ಧ ಡೇರೆ

ಬೊಕಾಯೊ ಬಳಿ ಎರಡನೆಯ ಒಂಟೆ ಇರಲಿಲ್ಲ. ಡೇರೆ ಹೊರಲು ಎರಡು ಬೇಕು. ಡೇರೆಗೆ ಹೊದಿಸಿದ್ದ ಚಾಪೆಗಳನ್ನು ಬಿಚ್ಚಿ ಸುತ್ತಿ, ಬಾಗುಗೋಲುಗಳನ್ನು ಕಟ್ಟುಕಟ್ಟಿ ತಿರುಗಿ ನೋಡಿದರೆ, ಒಂದೇ ಒಂಟೆ ಮಂಡಿಯೂರಿ ಮೆಲುಕು ಹಾಕುತ್ತಿತ್ತು. ಬೀಡಿನ ಉಳಿದ ಡೇರೆಗಳೆಲ್ಲ ಆಗಲೇ ಒಂಟೆಗಳ ಬೆನ್ನೇರಿದ್ದವು. ಬಿಸಿಲೇರುವ ಮೊದಲು ಚಾಲ್ಬಿ ಮರುಭೂಮಿಯ ಉಪ್ಪುಬಯಲಿಗೆ ಇಳಿಯಬೇಕು. ಆಚೆಯ ಬಾವಿಯವರೆಗೆ ಹನಿ ನೀರಿಲ್ಲ. ಹಿಂದೆ ಬಿದ್ದವರಿಗಾಗಿ ಯಾರೂ ನಿಲ್ಲುವುದಿಲ್ಲ.

“ಬಿಳೀ ಒಂಟೆ ಎಲ್ರೀ?”

ಅವಳ ಗಂಡ ಗಲ್ಗಲ್ಲೊ ಕೋಲೂರಿ ಕುಕ್ಕರಗಾಲಲ್ಲಿ ಕೂತಿದ್ದ. ತುಪ್ಪದಲ್ಲಿ ಹುರಿದ ಕಾಫಿಬೀಜದ ಜಿಡ್ಡು ತುಟಿಯ ಮೇಲೆ ಇನ್ನೂ ಹೊಳೆಯುತ್ತಿತ್ತು.

“ಎಲೆಮಾ ಕಾಫಿ ತಂದಿದ್ದ.”

“ತಂದ್ರೆ?”

“ಒಂಟೆ ಕೇಳ್ದ. ಕೊಟ್ಟೆ.”

“ಇವತ್ತು? ಹೊರಡೋ ದಿನ?”

“ಕೇಳೋಕೆ ಬಂದವನ ಕಾಫಿ ತಿಂದ್ಮೇಲೆ ಇಲ್ಲ ಅನ್ನೋಕಾಗುತ್ತೇನೇ? ಅವನು ನೊಂದ್ಕೊಂಡು ಏನಾದ್ರೂ ಅಂದ್ಬಿಟ್ರೆ ಇಡೀ ಹಿಂಡಿಗೆ ತಟ್ಟುತ್ತೆ.”

ಗಲ್ಗಲ್ಲೊ ಎರವಲು ಕೊಟ್ಟ ಹಾಲಿನ ಒಂಟೆಗಳು ಬೀಡಿನವರ ಹಿಂಡುಗಳಲ್ಲೆಲ್ಲ ಮೇಯುತ್ತಿದ್ದವು. ಕೊಟ್ಟವನು ದೊಡ್ಡವನು. ಹಿರಿಯರ ಸಭೆಯಲ್ಲಿ ಅವನು ಬಂದರೆ ಜನ ಸರಿದು ಜಾಗ ಬಿಡುತ್ತಿದ್ದರು. ಅವನ ಒಂಟೆಯ ಹಾಲು ಕುಡಿಯದವರೆಂದರೆ ಅವನ ಮಕ್ಕಳು ಮಾತ್ರ. ಅವರಿಗೆ ಕರಿ ಚಹಾ.

ಬೊಕಾಯೊ ಬಿರಬಿರನೆ ನೆರೆಯ ಎಲೆಮಾನ ಬಳಿ ನಡೆದಳು. ಅವನು ತನ್ನ ಒಂಟೆಯ ಹಗ್ಗ ಬಿಗಿಯುತ್ತಿದ್ದ. ಬಿಳಿಯದು ಅಲ್ಲಿರಲಿಲ್ಲ.

“ಜತ್ತಾನಿ ಕೇಳ್ದ ಅತ್ತಿಗೆ,” ಎಂದ ಅವನು. “ಇಲ್ಲ ಅನ್ನೋಕಾಗುತ್ತಾ?”

ದೂರದಲ್ಲಿ, ಸಾಲಿನ ಮುಂದೆ, ಬಿಳಿ ಒಂಟೆ ಜತ್ತಾನಿಯ ಹೆಂಡತಿಯ ತಗಡಿನ ಪೆಟ್ಟಿಗೆ ಹೊತ್ತು ಓಲಾಡುತ್ತ ಹೋಗುತ್ತಿತ್ತು.

“ಬೇಜಾರಾಗ್ಬೇಡಿ. ನಿಮ್ಮನೆಯವ್ರದು ದೊಡ್ಡ ಮನಸ್ಸು.”

“ಮನಸ್ಸಿನ ಮೇಲೆ ಡೇರೆ ಹೊರಿಸೋಕಾಗಲ್ಲ, ಎಲೆಮಾ.”

ಅವಳು ವಾಪಸು ಬಂದು ಕಟ್ಟುಗಳನ್ನು ಎರಡು ಪಾಲು ಮಾಡಿದಳು. ಮಕ್ಕಳು ಮಲಗುವ ಹಿಂಭಾಗದ್ದು ಒಂದು ಕಡೆ, ಗಂಡಸರು ಕೂರುವ ಮುಂಭಾಗದ್ದು ಇನ್ನೊಂದು ಕಡೆ. ಹಿಂಭಾಗದ್ದನ್ನು ಹೊರಿಸಿ ಹಗ್ಗ ಬಿಗಿದಳು. ಡೇರೆ ಹೆಂಗಸಿನ ಸೊತ್ತು. ಗಲ್ಗಲ್ಲೊ ಬಾಯಿ ಹಾಕುವಂತಿರಲಿಲ್ಲ. ಆದರೂ ಹಾಕಿದ.

“ಅದನ್ನ ಬಿಟ್ಟೆಯಲ್ಲೇ!”

“ಇರ್ಲಿ ಬಿಡಿ.”

“ನಾಳೆ ಯಾರಾದ್ರೂ ಬಂದ್ರೆ ಎಲ್ಲಿ ಕೂರಿಸ್ಲಿ?”

“ಕೂತ್ರೆ ತಾನೇ ಕೇಳೋದು?”

ಅವಳು ಮೂಗುದಾರ ಎಳೆದಳು. ಒಂಟೆ ಗೊಣಗುತ್ತ ಎದ್ದಿತು. ಗಲ್ಗಲ್ಲೊ ಕೋಲೂರಿ ಎದ್ದು ಹಿಂದೆ ಹಿಂದೆ ನಡೆದ. ಬಿಟ್ಟದ್ದನ್ನು ಒಯ್ಯಲು ಇತ್ತ ಬರಬೇಕೆಂದರೆ ಇನ್ನೊಂದು ಮಳೆ ಬೀಳಬೇಕು. ಅಷ್ಟರಲ್ಲಿ ಅದು ಯಾರದೋ ಒಲೆ ಸೇರಿರುತ್ತದೆ.

ಉಪ್ಪುಬಯಲಿನ ಅಂಚಿನಲ್ಲಿ ಉಳಿದದ್ದು ಆರು ಚಾಪೆ, ಹನ್ನೊಂದು ಬಾಗುಗೋಲು, ಒಂದು ತೊಗಲಿನ ಹಾಸು. ಚಾಪೆಗಳಲ್ಲಿ ಮೂರು, ಅವಳ ಮದುವೆಗೆ ತಾಯಿ ಹೆಣೆದು ಕೊಟ್ಟವು.