ನಾಲ್ಕನೆಯ ನಳಿಕೆ

ಪ್ರಯೋಗಾಲಯದ ಸಹಾಯಕಿ ಮಾರ್ಲಿಸ್ ಯಂತ್ರ ಮುದ್ರಿಸಿಕೊಟ್ಟ ಫಲಿತಾಂಶದ ಕಾಗದವನ್ನು ಮತ್ತೆ ಓದಿದಳು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಶ್ವಾಸಕೋಶದ ಕ್ಯಾನ್ಸರ್ ಕೋಶಗಳು ಬಸುರಿಯರ ಹಾರ್ಮೋನು ಒಸರುತ್ತಿದ್ದವು; ಅದು ಗೊತ್ತಿದ್ದದ್ದೇ. ಆದರೆ ಹೋಲಿಸಿ ನೋಡಲೆಂದು ಪ್ರಯೋಗಾಲಯದ ಐವರು ಗಂಡಸರು ಕೊಟ್ಟಿದ್ದ ರಕ್ತದಲ್ಲಿ, ನಾಲ್ಕನೆಯ ನಳಿಕೆಯಲ್ಲೂ ಅದೇ ಹಾರ್ಮೋನು!

“ನಳಿಕೆ ಅದಲುಬದಲು ಮಾಡಿದೀಯಮ್ಮ,” ಎಂದರು ಅಲ್ಲಿನ ಮುಖ್ಯಸ್ಥ ಡಾಕ್ಟರ್ ಹಾಲ್ವರ್ಸನ್, ಸಿಗರೇಟಿನ ಬೂದಿ ಕೊಡವುತ್ತ. “ಇಲ್ಲಾಂದ್ರೆ ರಕ್ತ ಕೊಟ್ಟ ನಮ್ಮೈವರಲ್ಲೊಬ್ಬ ಬಸುರಿ!”

“ಮೂರು ಸಲ ಮಾಡಿ ನೋಡ್ದೆ, ಡಾಕ್ಟ್ರೇ. ತಪ್ಪಿಲ್ಲ.”

ಅವರ ನಗು ನಿಂತಿತು. ಗಂಡಸಿನ ರಕ್ತದಲ್ಲಿ ಆ ಹಾರ್ಮೋನು ಕಂಡರೆ ಒಳಗೆಲ್ಲೋ ಕ್ಯಾನ್ಸರ್ ಬೆಳೆಯುತ್ತಿರಬಹುದು; ಅದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

“ಯಾರದ್ದು? ಈಗ್ಲೇ ಕರಿ, ಇನ್ನೊಂದ್ಸಲ ರಕ್ತ ತೆಗಿ. ಪಾಪ, ಅವನಿಗೆ ಹೇಗೆ ಹೇಳೋದು?”

ಯಾವ ನಳಿಕೆ ಯಾರದೆಂಬ ಪಟ್ಟಿ ಇದ್ದದ್ದು ಮಾರ್ಲಿಸ್ ಬಳಿ ಮಾತ್ರ. ಅವಳು ಹೊಸ ಸೂಜಿ ತಂದು, ಅವರ ಅಂಗಿಯ ತೋಳನ್ನು ಮೆಲ್ಲಗೆ ಮಡಚತೊಡಗಿದಳು.